ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಗೆಳೆಯರ ಜೊತೆ ಕ್ರೂಸ್: ಮೊದಲ ದಿನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ನೀರು ಅಂದರೆ ನಮ್ಮ ಕಡೆಯವರಿಗೆ ಟಿಬಿ ಡ್ಯಾಮ್, ಅಂದರೆ ತುಂಗಭದ್ರಾ ಅಣೆಕಟ್ಟು. ಅಲ್ಲಿಂದ ನೇರ ಅರಬ್ಬಿ ಸಮುದ್ರ, ಅದರ ಮೇಲೆ 11 ಅಂತಸ್ತಿನ ಹಡಗು ಅಂದಾಗ ಪ್ರಶ್ನೆ ಜಾಸ್ತಿ ಬರುವುದು ಸಹಜ. ಹೋಗಿ ಬಂದವರ ಹತ್ತಿರ ಹೋಗುವವರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಉತ್ತರಗಳು ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಸಣ್ಣ ಪ್ರಯಾಣಗಳಿಗೆ ಹೊಂದುತ್ತವೆ. ಕಂಪನಿಯ ನಿಯಮ ಆಗಾಗ ಬದಲಾಗುತ್ತದೆ, ಹಾಗಾಗಿ ಟಿಕೆಟ್ ಜೊತೆ ಬರುವ ಸೂಚನೆಗಳನ್ನು ಒಮ್ಮೆ ಪೂರ್ತಿ ಓದಿ.

ಹಡಗು ಎಲ್ಲಿ ಹತ್ತಬೇಕು? ಮಂಗಳೂರಿನಿಂದ ಹೋಗಲು ಆಗಲ್ವಾ?

ಮಂಗಳೂರಿನ ಪಣಂಬೂರು ಬಂದರಿಗೆ ಕ್ರೂಸ್ ಹಡಗುಗಳು ಬರುತ್ತವೆ, ನಿಜ. ಆದರೆ ಹೆಚ್ಚಿನವು ವಿದೇಶಿ ಪ್ರವಾಸಿಗರ ಹಡಗುಗಳು. ಬೆಳಗ್ಗೆ ಬರುತ್ತವೆ, ಜನ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಅದೂ ಇದೂ ನೋಡಿ ಬರುತ್ತಾರೆ, ಸಂಜೆ ಹೊರಟುಬಿಡುತ್ತವೆ. ನಮ್ಮಂಥವರು ಹತ್ತುವುದು ಸಾಮಾನ್ಯವಾಗಿ ಮುಂಬೈಯಲ್ಲಿ. ಕೊರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ಶುರುವಾಯಿತು. ಹಡಗು ಹೊಸದಲ್ಲ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಹೆಸರಿನಲ್ಲಿ ಓಡಾಟ ಶುರು ಮಾಡಿದ್ದು. ಅದರಲ್ಲಿ ತಪ್ಪೇನಿಲ್ಲ. ಆದರೆ ಇನ್‌ಸ್ಟಾಗ್ರಾಂನಲ್ಲಿ ಕಾಣುವ ವಿದೇಶದ ಹೊಸ ಹಡಗುಗಳನ್ನು ತಲೆಯಲ್ಲಿಟ್ಟುಕೊಂಡು ಹತ್ತಿದರೆ ಮೊದಲ ದಿನವೇ ಮುಖ ಸಪ್ಪಗಾಗುತ್ತದೆ.

ನಮ್ಮ ಊರುಗಳಿಂದ ಮುಂಬೈಗೆ ಹೇಗೆ? ಎಷ್ಟು ಮುಂಚೆ ತಲುಪಬೇಕು?

ರಾಯಚೂರಿನವರಿಗೆ ಸುಲಭ. ಉದ್ಯಾನ್ ಎಕ್ಸ್‌ಪ್ರೆಸ್ ನೇರ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುತ್ತದೆ. ಕೊಪ್ಪಳದವರಿಗೆ ಗದಗ, ವಿಜಯಪುರ, ಸೊಲ್ಲಾಪುರ ಮೇಲೆ ಹೋಗುವ ರೈಲು. ಬಳ್ಳಾರಿಯವರು ಗುಂತಕಲ್‌ಗೆ ಹೋಗಿ ಉದ್ಯಾನ್ ಹಿಡಿಯಬಹುದು, ಇಲ್ಲವೇ ಹುಬ್ಬಳ್ಳಿಯಿಂದ ವಿಮಾನ. ಸಿಎಸ್‌ಎಂಟಿಯಿಂದ ಬಂದರಿನ ಬ್ಯಾಲಾರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ಹತ್ತಿರವೇ.

ಹಡಗು ಹೊರಡುವ ದಿನವೇ ಮುಂಬೈ ತಲುಪುವ ಪ್ಲ್ಯಾನ್ ಮಾತ್ರ ಹಾಕಬೇಡಿ. ರೈಲು ಮೂರು ಗಂಟೆ ತಡವಾದರೂ ಹಡಗು ಕಾಯುವುದಿಲ್ಲ. ಹೊರಡುವ ಹೊತ್ತಿಗಿಂತ ಎಷ್ಟೋ ಮುಂಚೆ ಗೇಟ್ ಮುಚ್ಚುತ್ತದೆ. ಒಂದು ರಾತ್ರಿ ಫೋರ್ಟ್ ಕಡೆ ಸಾಧಾರಣ ಲಾಡ್ಜ್‌ನಲ್ಲಿ ಉಳಿದರೆ ಖರ್ಚು ಸ್ವಲ್ಪ, ಟೆನ್ಷನ್ ಇಲ್ಲ. "ರಜೆ ಸಿಗಲ್ಲ, ಬೆಳಗ್ಗೆ ಬಂದು ಸೇರ್ಕೊತೀನಿ" ಅನ್ನುವ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನನ್ನು ಒಪ್ಪಿಸಿ, ಆಗದಿದ್ದರೆ ಅವನಿಲ್ಲದೆ ಹತ್ತಲು ತಯಾರಿರಿ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್‌ನಿಂದ ಮೇವರೆಗೆ. ಡಿಸೆಂಬರ್, ಜನವರಿಯಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅರಬ್ಬಿ ಸಮುದ್ರ ಕುದಿಯುತ್ತಿರುತ್ತದೆ. ಆ ಕಾಲದಲ್ಲಿ ಪೂರ್ವ ಕರಾವಳಿಯ ಕಡೆ ಕೇಳಿ ನೋಡಿ. 2023ರ ಜೂನ್‌ನಲ್ಲಿ ಚೆನ್ನೈನಿಂದ ಶ್ರೀಲಂಕಾಕ್ಕೆ ಹಡಗು ಶುರು ಮಾಡಿದ್ದರು.

ಪಾಸ್‌ಪೋರ್ಟ್ ಬೇಕಾ?

ಭಾರತದೊಳಗಿನ ಪ್ರಯಾಣಕ್ಕೆ ಆಧಾರ್ ಅಥವಾ ವೋಟರ್ ಐಡಿ ಸಾಕು, ಅಸಲಿ ಪ್ರತಿ ಕೈಯಲ್ಲಿರಲಿ. ಶ್ರೀಲಂಕಾ, ಸಿಂಗಾಪುರ ಅಂದರೆ ಪಾಸ್‌ಪೋರ್ಟ್ ಬೇಕೇ ಬೇಕು. ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಲಕ್ಷದ್ವೀಪಕ್ಕೆ ನಮಗೂ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಬೇಕಾದ ಕಾಗದಗಳನ್ನು ಕಂಪನಿ ಮುಂಚೆಯೇ ಕೇಳುತ್ತದೆ.

ನಮ್ಮ ಕಡೆಯ ನಿಜವಾದ ತೊಂದರೆ ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮುಂದೆ, ಆಧಾರ್‌ನಲ್ಲಿ ಹಿಂದೆ, ಪಾನ್ ಕಾರ್ಡ್‌ನಲ್ಲಿ ಬರೀ ಒಂದಕ್ಷರ. ಗುಂಪಿನ ಟಿಕೆಟ್ ಮಾಡಿಸುವವನು ವಾಟ್ಸಾಪ್‌ನಲ್ಲಿ ಸೇವ್ ಮಾಡಿಕೊಂಡ ಹೆಸರನ್ನೇ ಟೈಪ್ ಮಾಡಿಬಿಡುತ್ತಾನೆ. ಎಲ್ಲರಿಂದ ಕಾರ್ಡಿನ ಫೋಟೊ ತರಿಸಿಕೊಂಡು, ಅದರಲ್ಲಿ ಇದ್ದ ಹಾಗೆಯೇ ಅಕ್ಷರಕ್ಕೆ ಅಕ್ಷರ ಹಾಕಿ.

ನಾಲ್ಕು ಜನ ಗೆಳೆಯರು. ಒಂದೇ ರೂಮ್ ಸಾಕಾ, ಎರಡು ಬೇಕಾ?

ಹೇಳುವ ದರ ಬಹುತೇಕ ಒಬ್ಬರಿಗೆ, ಅದೂ ಒಂದು ರೂಮಿನಲ್ಲಿ ಇಬ್ಬರು ಇದ್ದಾರೆ ಎಂಬ ಲೆಕ್ಕದಲ್ಲಿ. ಮೂರನೆಯವರಿಗೆ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ. ಅವರಿಗೆ ಗೋಡೆಯಿಂದ ಇಳಿಸುವ ಮೇಲಿನ ಬರ್ತ್ ಸಿಗುತ್ತದೆ, ರೈಲಿನಲ್ಲಿ ಇರುವ ಥರ. ದುಡ್ಡು ಉಳಿಯುತ್ತದೆ, ಆದರೆ ಬಚ್ಚಲು ಒಂದೇ, ಕನ್ನಡಿ ಒಂದೇ, ಬ್ಯಾಗ್ ಇಡುವ ಜಾಗ ಅಂಗೈಯಗಲ. ಇಬ್ಬರಿಗೆ ಒಂದರಂತೆ ಅಕ್ಕಪಕ್ಕದ ಎರಡು ರೂಮ್ ತೆಗೆದುಕೊಂಡು, ಬೇಕಾದರೆ ಕಿಟಕಿ ಇಲ್ಲದ ಒಳಗಿನ ರೂಮಿಗೆ ಇಳಿದು ಲೆಕ್ಕ ಸರಿ ಮಾಡಿಕೊಳ್ಳಿ ಅನ್ನುವುದು ನನ್ನ ಸಲಹೆ. ರೂಮಿನಲ್ಲಿ ಇರುವುದು ಮಲಗಲು ಮಾತ್ರ. ಗೊರಕೆ ಹೊಡೆಯುವವರನ್ನು ಒಂದು ಕಡೆ ಹಾಕುವ ಅನುಕೂಲವೂ ಇದೆ.

ಕಿಟಕಿ ಅಥವಾ ಬಾಲ್ಕನಿ ತೆಗೆದುಕೊಳ್ಳುವವರು ಬದಿ ನೋಡಿಕೊಳ್ಳಿ. ಮುಂಬೈಯಿಂದ ಗೋವಾಕ್ಕೆ ಹೋಗುವಾಗ ಹಡಗಿನ ಎಡಕ್ಕೆ ದಡ, ಬಲಕ್ಕೆ ಸೂರ್ಯಾಸ್ತ. ವಾಪಸ್ ಬರುವಾಗ ಉಲ್ಟಾ.

ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಬಹುದಾ?

ರೈಲಿಗೆ ಧಾರಾಳವಾಗಿ ಕಟ್ಟಿಕೊಳ್ಳಿ. ಹಡಗಿನೊಳಗೆ ಮನೆಯಲ್ಲಿ ಮಾಡಿದ ತಿನಿಸನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್‌ಗಳನ್ನು ಹೆಚ್ಚಿನ ಕಡೆ ಬಿಡುತ್ತಾರೆ. ಹಾಗಾಗಿ ಚಟ್ನಿಪುಡಿ ಬೇಕೇ ಬೇಕು ಅನ್ನುವವರು ಪ್ಯಾಕೆಟ್‌ನದ್ದು ಒಯ್ಯಿರಿ, ಉಳಿದ ರೊಟ್ಟಿಯನ್ನು ಸಿಎಸ್‌ಎಂಟಿಯಲ್ಲೇ ಖಾಲಿ ಮಾಡಿ.

ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳುವ ಬೇರೆ ಸಾಮಾನು: ಇಸ್ತ್ರಿ ಪೆಟ್ಟಿಗೆ, ಚಹಾ ಕಾಯಿಸುವ ಎಲೆಕ್ಟ್ರಿಕ್ ಕೆಟಲ್, ಎಕ್ಸ್‌ಟೆನ್ಷನ್ ಬಾಕ್ಸ್, ಚಾಕು, ಹೊರಗಿನ ಮದ್ಯ. ಊದುಬತ್ತಿ, ಕರ್ಪೂರ, ದೀಪ ಹಚ್ಚುವಂತಿಲ್ಲ. ಸಮುದ್ರದ ನಡುವೆ ಎಲ್ಲಕ್ಕಿಂತ ದೊಡ್ಡ ಭಯ ನೀರಿನದಲ್ಲ, ಬೆಂಕಿಯದು. ರೂಮಿನಲ್ಲಿ ಹೊಗೆ ಕಂಡರೆ ಅಲಾರಂ ಬಾರಿಸುವ ಯಂತ್ರ ಇರುತ್ತದೆ. ಪೂಜೆ ಮಾಡದೆ ತಿಂಡಿ ಮುಟ್ಟದವರು ವಿಭೂತಿ ಹಚ್ಚಿಕೊಂಡು, ದೀಪವಿಲ್ಲದೆ ಪೂಜೆ ಮುಗಿಸಬೇಕು.

ಮೊದಲ ದಿನ ಏನೇನು ನಡೆಯುತ್ತದೆ?

ನಿಜ ಹೇಳಬೇಕೆಂದರೆ ಅರ್ಧ ದಿನ ಸಾಲಿನಲ್ಲೇ ಹೋಗುತ್ತದೆ. ಮೊದಲು ದೊಡ್ಡ ಬ್ಯಾಗುಗಳಿಗೆ ರೂಮ್ ನಂಬರಿನ ಚೀಟಿ ಕಟ್ಟಿ ಒಯ್ಯುತ್ತಾರೆ. ಅವು ನಿಮ್ಮ ಬಾಗಿಲಿಗೆ ಬರುವುದು ಸಂಜೆ, ಕೆಲವೊಮ್ಮೆ ರಾತ್ರಿ. ಬಿಪಿ ಗುಳಿಗೆ, ಫೋನ್ ಚಾರ್ಜರ್, ಕನ್ನಡಕ, ಒಂದು ಜೊತೆ ಬಟ್ಟೆ, ಈಜುವ ಆಸೆ ಇದ್ದರೆ ಈಜುಡುಗೆ, ಇಷ್ಟು ಹೆಗಲ ಚೀಲದಲ್ಲೇ ಇರಲಿ. ಆಮೇಲೆ ಭದ್ರತಾ ತಪಾಸಣೆ, ಫೋಟೊ, ಒಂದು ಕಾರ್ಡ್. ಆ ಕಾರ್ಡೇ ರೂಮಿನ ಕೀಲಿ, ಅದೇ ಪರ್ಸು, ಅದೇ ಗುರುತಿನ ಚೀಟಿ.

ಒಳಗೆ ಕಾಲಿಟ್ಟ ತಕ್ಷಣ ರೂಮ್ ಸಿಗುತ್ತದೆ ಅಂತ ಇಲ್ಲ. ಎಲ್ಲರೂ ಹಸಿದಿರುತ್ತಾರೆ, ಎಲ್ಲರೂ ಬಫೆಗೇ ನುಗ್ಗುತ್ತಾರೆ. ಹೊಟ್ಟೆ ತಡೆಯುವುದಾದರೆ ಅರ್ಧ ಗಂಟೆ ಹಡಗು ಸುತ್ತಿ ಬಂದು ಆಮೇಲೆ ತಟ್ಟೆ ಹಿಡಿಯಿರಿ. ರೂಮಿನಿಂದ ಊಟದ ಹಾಲಿಗೆ ಯಾವ ಮೆಟ್ಟಿಲು, ಯಾವ ಲಿಫ್ಟ್ ಅಂತ ಆಗಲೇ ತಿಳಿದುಕೊಂಡರೆ ರಾತ್ರಿ ಅಲೆಯುವುದು ತಪ್ಪುತ್ತದೆ. ಕಾರಿಡಾರುಗಳೆಲ್ಲ ನೋಡಲು ಒಂದೇ ಥರ.

ಹಡಗು ಹೊರಡುವಾಗ ರೂಮಿನಲ್ಲಿ ಇರಬೇಡಿ. ಬಂದರಿನ ಪೈಲಟ್ ಅಂತ ಒಬ್ಬರು ಹಡಗಿನಲ್ಲಿ ನಿಂತು ದಾರಿ ಹೇಳಿ ಹೊರಗೆ ದಾಟಿಸುತ್ತಾರೆ. ಆಳದ ನೀರು ಬಂದ ಮೇಲೆ ಹಡಗಿನ ಪಕ್ಕಕ್ಕೇ ಒಂದು ಸಣ್ಣ ದೋಣಿ ಓಡಿ ಬರುತ್ತದೆ. ಎರಡೂ ಓಡುತ್ತಿರುವಾಗಲೇ ಪೈಲಟ್ ಹಗ್ಗದ ಏಣಿಯಲ್ಲಿ ಇಳಿದು, ದೋಣಿ ಅಲೆಯ ಮೇಲೆ ಎದ್ದ ಗಳಿಗೆ ನೋಡಿ ಅದರೊಳಗೆ ಕಾಲಿಡುತ್ತಾರೆ. ದೋಣಿ ಸರ್ರನೆ ತಿರುಗಿ ದಡದ ಕಡೆ ಹೋಗುತ್ತದೆ. ಮೇಲೆ ಸೆಲ್ಫಿಯಲ್ಲಿ ಮುಳುಗಿದವರು ಇದನ್ನು ನೋಡುವುದೇ ಇಲ್ಲ. ನನಗೆ ಹಡಗಿನ ಎಲ್ಲ ಶೋಗಳಿಗಿಂತ ಇದೇ ಇಷ್ಟ. ಮುಂಬೈ ಹತ್ತಿರದ ಕಂದು ನೀರು ಹೋಗಿ ನೀಲಿ ಬರುವುದು ಅದಕ್ಕಿಂತ ಎಷ್ಟೋ ಮುಂದೆ, ಹೆಚ್ಚಾಗಿ ಮರುದಿನ ಬೆಳಗ್ಗೆಯೇ ಅದು ಕಣ್ಣಿಗೆ ಬೀಳುವುದು.

ಲೈಫ್ ಜಾಕೆಟ್ ಡ್ರಿಲ್‌ಗೆ ಹೋಗಲೇಬೇಕಾ?

ಹೋಗಲೇಬೇಕು. ಅಪಾಯ ಬಂದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಅಂತ ಹೇಳಿಕೊಡುವ ಅಭ್ಯಾಸ ಅದು. ಕಾರ್ಡ್ ನೋಡಿ ಹಾಜರಿ ಹಾಕಿಕೊಳ್ಳುತ್ತಾರೆ. 2012ರ ಜನವರಿಯಲ್ಲಿ ಇಟಲಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅದೇ ಸಂಜೆ ಹತ್ತಿದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಆಮೇಲೆ ನಿಯಮ ಬದಲಾಯಿತು, ಈಗ ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಆಗಬೇಕು.

ನೆನಪಿಡಬೇಕಾದ್ದು ಎರಡೇ. ಹಡಗಿನ ಸೈರನ್ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಕೂಗಿದರೆ ಅದು ತುರ್ತು ಸೂಚನೆ. ಆಗ ಸೇರಬೇಕಾದ ಜಾಗದ ಹೆಸರು ಕಾರ್ಡಿನ ಮೇಲೋ ರೂಮಿನ ಬಾಗಿಲ ಹಿಂದೋ ಇರುತ್ತದೆ. ಬೇರೆ ಬೇರೆ ಕಡೆ ರೂಮ್ ಇರುವ ಗೆಳೆಯರಿಗೆ ಬೇರೆ ಬೇರೆ ಜಾಗ ಬರಬಹುದು. ಅವರನ್ನು ಹುಡುಕಿಕೊಂಡು ಓಡಬಾರದು, ನಿಮ್ಮ ಜಾಗಕ್ಕೆ ನೀವು ಹೋಗಬೇಕು.

ಆನೆಗೊಂದಿಯಲ್ಲಿ ಹರಿಗೋಲು ಹತ್ತಿದಾಗ ನನಗೆ ಏನೂ ಆಗಲಿಲ್ಲ. ಹಡಗಿನಲ್ಲೂ ತಲೆ ಸುತ್ತಲ್ಲ ಅಲ್ವಾ?

ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹರಿಗೋಲಿನಲ್ಲಿ ಅಂಬಿಗ ಗಿರಗಿರ ತಿರುಗಿಸಿದರೂ ಐದು ನಿಮಿಷದ ಮಾತು, ದಡ ಕಣ್ಣೆದುರೇ ಇರುತ್ತದೆ. ಸಮುದ್ರದ ಓಲಾಟ ನಿಧಾನ, ಆದರೆ ನಿಲ್ಲುವುದಿಲ್ಲ. ರೂಮಿನೊಳಗೆ ಕಣ್ಣಿಗೆ ಗೋಡೆ ಅಲುಗಾಡದೆ ನಿಂತಂತೆ ಕಾಣುತ್ತದೆ, ಒಳಕಿವಿ ಮಾತ್ರ ನಾವು ಓಲಾಡುತ್ತಿದ್ದೇವೆ ಅನ್ನುತ್ತದೆ. ಈ ಎರಡೂ ತಾಳೆಯಾಗದೆ ವಾಕರಿಕೆ ಬರುತ್ತದೆ. ಗಟ್ಟಿ ಆಳು, ಸಣಕಲ ಅಂತ ಭೇದವಿಲ್ಲ.

ದೊಡ್ಡ ಹಡಗುಗಳಲ್ಲಿ ನೀರಿನ ಕೆಳಗೆ ಎರಡೂ ಬದಿಗೆ ರೆಕ್ಕೆಯಂಥ ಸ್ಟೆಬಿಲೈಜರ್ ಇರುತ್ತದೆ. ಪಕ್ಕಕ್ಕೆ ಓಲಾಡುವುದನ್ನು ಅದು ಕಡಿಮೆ ಮಾಡುತ್ತದೆ. ಮುಂದೆ ಹಿಂದೆ ಏರಿಳಿಯುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೇ ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ರೂಮ್ ಒಳ್ಳೆಯದು. ಬಸ್ಸಿನಲ್ಲಿ ವಾಂತಿ ಮಾಡುವವರು ಟಿಕೆಟ್ ಮಾಡಿಸುವಾಗಲೇ ಇದನ್ನು ಕೇಳಿ ಪಡೆಯಿರಿ. ದುಬಾರಿ ರೂಮ್‌ಗಳು ಹೆಚ್ಚಾಗಿ ಮೇಲಿರುತ್ತವೆ, ಓಲಾಟವೂ ಅಲ್ಲೇ ಜಾಸ್ತಿ.

ಗುಳಿಗೆಯನ್ನು ವಾಕರಿಕೆ ಬಂದ ಮೇಲೆ ನುಂಗಿದರೆ ಉಪಯೋಗ ಕಡಿಮೆ, ಮುಂಚೆಯೇ ತೆಗೆದುಕೊಳ್ಳಬೇಕು. ಯಾವುದು, ಎಷ್ಟು ಅಂತ ಊರಲ್ಲೇ ನಿಮ್ಮ ಡಾಕ್ಟರನ್ನು ಕೇಳಿ. ಇವುಗಳಲ್ಲಿ ಹಲವು ನಿದ್ದೆ ತರಿಸುತ್ತವೆ, ಮೇಲೆ ಮದ್ಯ ಸೇರಬಾರದು. ಹೊಟ್ಟೆ ಖಾಲಿ ಬಿಡಬೇಡಿ, ಕಂಠಪೂರ್ತಿಯೂ ತಿನ್ನಬೇಡಿ. ಬಿಸ್ಕತ್ತು, ಬ್ರೆಡ್, ಒಂದು ಚೂರು ಶುಂಠಿ. ಫೋನ್ ಒಳಗಿಟ್ಟು ಡೆಕ್ (ಹಡಗಿನ ಮೇಲಿನ ತೆರೆದ ಅಂಗಳ) ಮೇಲೆ ಬಂದು ಆಕಾಶ ಮತ್ತು ನೀರು ಸೇರುವ ಗೆರೆಯನ್ನೇ ನೋಡುತ್ತ ನಿಲ್ಲಿ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಒಗ್ಗಿಹೋಗುತ್ತದೆ. ತಮಾಷೆ ಅಂದರೆ, ಇಳಿದ ಮೇಲೆ ಮುಂಬೈ ಫುಟ್‌ಪಾತ್ ಸ್ವಲ್ಪ ಹೊತ್ತು ಓಲಾಡಿದಂತೆ ಅನ್ನಿಸುತ್ತದೆ. ಗಾಬರಿ ಬೇಡ.

ಈಜು ಬರುವುದಿಲ್ಲ, ತೊಂದರೆಯಾ?

ಇಲ್ಲ. ಈಜುಕೊಳಕ್ಕೆ ಇಳಿಯುವಾಗ ಮಾತ್ರ ಆಳ ನೋಡಿಕೊಳ್ಳಿ. ಹಡಗಿನ ಕೊಳದಲ್ಲೂ ಓಲಾಟಕ್ಕೆ ಅಲೆ ಏಳುತ್ತದೆ. ಚಡ್ಡಿ ಬನಿಯನ್‌ನಲ್ಲಿ ಇಳಿಯಲು ಬಿಡುವುದಿಲ್ಲ.

ಫೋನ್ ಸಿಗುತ್ತಾ? ಸಿಗದಿದ್ದರೆ ಗೆಳೆಯರನ್ನು ಹುಡುಕುವುದು ಹೇಗೆ?

ದಡ ದೂರವಾಗುತ್ತಿದ್ದಂತೆ ನಮ್ಮ ಸಿಮ್ ಸುಮ್ಮನಾಗುತ್ತದೆ. ಆಮೇಲೆ ಫೋನ್ ತಾನಾಗೇ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಬಿಲ್ ಬೆಚ್ಚಿಬೀಳಿಸುತ್ತದೆ. ಬಂದರು ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ. ವೈಫೈಗೆ ಬೇರೆ ದುಡ್ಡು, ನಮ್ಮೂರಿನ ವೇಗ ಅಲ್ಲಿ ನಿರೀಕ್ಷಿಸಬೇಡಿ. ಮನೆಯವರಿಗೆ "ನಾಳೆ ಸಂಜೆವರೆಗೆ ಫೋನ್ ಬರಲ್ಲ" ಅಂತ ಮೊದಲೇ ಹೇಳಿಡಿ. ಇಲ್ಲವಾದರೆ ಅಲ್ಲಿ ಅವ್ವ ದೇವರಿಗೆ ಹರಕೆ ಹೊತ್ತು ಕೂತಿರುತ್ತಾಳೆ.

ಗೆಳೆಯರ ಗುಂಪಿನಲ್ಲಿ ಮೊದಲ ದಿನ ಹುಟ್ಟುವ ಮುನಿಸಿಗೆ ಬಹುಪಾಲು ಫೋನೇ ಕಾರಣ. ಇಬ್ಬರು ಸಿನಿಮಾ ಹಾಲ್ ಕಡೆ, ಮೂವರು ಡೆಕ್ ಮೇಲೆ, ಒಬ್ಬ ನಿದ್ದೆ. ಊರಲ್ಲಾದರೆ ಒಂದು ಮಿಸ್ಡ್ ಕಾಲ್ ಸಾಕು, ಇಲ್ಲಿ ಆಗಲ್ಲ. ಅದಕ್ಕೆ ಹಡಗು ಹತ್ತಿದ ಮೊದಲ ಗಂಟೆಯಲ್ಲೇ ಒಂದು ಜಾಗ, ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿ. ಬೆಳಗ್ಗೆ ತಿಂಡಿಗೆ ಒಮ್ಮೆ, ರಾತ್ರಿ ಊಟಕ್ಕೆ ಒಮ್ಮೆ. ಹತ್ತು ನಿಮಿಷ ಕಾದು, ಬರದವರನ್ನು ಬಿಟ್ಟು ಹೋಗುವುದು ಅಂತಲೂ ಒಪ್ಪಿಕೊಳ್ಳಿ. ಉಳಿದ ಹೊತ್ತು ಯಾರು ಏನು ಬೇಕಾದರೂ ಮಾಡಲಿ. "ಎಲ್ಲಿ ಹೋದರೂ ಎಲ್ಲರೂ ಒಟ್ಟಿಗೆ" ಅನ್ನುವ ಹಟ ಹಡಗಿನಲ್ಲಿ ನಡೆಯುವುದಿಲ್ಲ. ನಡೆಸಲು ಹೋದರೆ ಎಲ್ಲರೂ ಬರೀ ಒಬ್ಬರಿಗೊಬ್ಬರು ಕಾಯುತ್ತ ಕೂರಬೇಕು.

ರೂಮಿನಿಂದ ರೂಮಿಗೆ ಇಂಟರ್‌ಕಾಮ್ ಫೋನ್ ಇರುತ್ತದೆ. ಗೆಳೆಯರ ರೂಮ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ.

ಟಿಕೆಟ್ ಬಿಟ್ಟು ಮತ್ತೆ ಎಷ್ಟು ಖರ್ಚಾಗುತ್ತದೆ? ಗುಂಪಿನ ಲೆಕ್ಕ ಹೇಗೆ?

ಟಿಕೆಟ್ ನೋಡುವಾಗಲೇ ತೆರಿಗೆ, ಬಂದರು ಶುಲ್ಕ, ಸೇವಾ ಶುಲ್ಕ ಸೇರಿದೆಯಾ ಕೇಳಿ. ಜಾಹೀರಾತಿನ ದರಕ್ಕೂ ಕೊನೆಗೆ ಕಟ್ಟುವುದಕ್ಕೂ ವ್ಯತ್ಯಾಸ ಬರುವುದು ಇಲ್ಲೇ. ಸಾಮಾನ್ಯ ಊಟ, ತಿಂಡಿ, ಕೊಳ, ಹೆಚ್ಚಿನ ಶೋಗಳು ಟಿಕೆಟ್‌ನಲ್ಲೇ ಬರುತ್ತವೆ. ಮದ್ಯ, ಸ್ಪಾ, ವಿಶೇಷ ರೆಸ್ಟೋರೆಂಟ್, ದಡದ ಟೂರ್ ಇವಕ್ಕೆಲ್ಲ ಬೇರೆ ದುಡ್ಡು.

ಒಳಗೆ ನೋಟು ಓಡುವುದಿಲ್ಲ, ಕಾರ್ಡ್ ತೋರಿಸಿದರೆ ಆಯಿತು. ಅದೇ ಅಪಾಯ. ಕೈಯಿಂದ ದುಡ್ಡು ಹೋದದ್ದೇ ಗೊತ್ತಾಗುವುದಿಲ್ಲ, ಇಳಿಯುವ ಮುಂಚೆ ಉದ್ದನೆಯ ಬಿಲ್ ಬರುತ್ತದೆ. ಗಣೇಶನ ಹಬ್ಬಕ್ಕೆ ಹಾಕುವ ಥರ ಎಲ್ಲರೂ ಮುಂಚೆಯೇ ಪಟ್ಟಿ ದುಡ್ಡು ಹಾಕಿ, ಅದು ರೈಲು, ಲಾಡ್ಜ್, ಟ್ಯಾಕ್ಸಿಗೆ ಮಾತ್ರ ಅನ್ನಿ. ಹಡಗಿನೊಳಗೆ ಅವರವರ ಕಾರ್ಡ್, ಅವರವರ ಖರ್ಚು. "ನಂದರಲ್ಲಿ ಹಾಕಿಬಿಡು, ಊರಿಗೆ ಹೋಗಿ ನೋಡೋಣ" ಅನ್ನುವ ದೊಡ್ಡ ಮನಸ್ಸು ಊರು ಮುಟ್ಟುವ ಹೊತ್ತಿಗೆ ಚಿಕ್ಕದಾಗಿರುತ್ತದೆ. ದಿನಕ್ಕೊಮ್ಮೆ ರಿಸೆಪ್ಷನ್‌ನಲ್ಲಿ ನಿಮ್ಮ ಲೆಕ್ಕ ಕೇಳಿ ನೋಡಿಕೊಳ್ಳಿ.

ಶುದ್ಧ ಸಸ್ಯಾಹಾರ ಸಿಗುತ್ತಾ? ಖಾರ ಇರುತ್ತಾ?

ಭಾರತದ ಹಡಗಿನಲ್ಲಿ ಸಸ್ಯಾಹಾರಕ್ಕೆ ಕೊರತೆ ಇಲ್ಲ, ಜೈನ ಊಟವೂ ಸಿಗುತ್ತದೆ. ಖಾರ ಎಲ್ಲರಿಗೂ ಹೊಂದುವ ಹಾಗೆ ಇರುತ್ತದೆ, ಅಂದರೆ ರಾಯಚೂರಿನ ನಾಲಿಗೆಗೆ ಸಪ್ಪೆ. ಹಸಿ ಮೆಣಸಿನಕಾಯಿ ಕೇಳಿದರೆ ತಂದುಕೊಡುತ್ತಾರೆ, ನಾಚಿಕೆ ಬೇಡ. ರಾತ್ರಿ ಊಟಕ್ಕೆ ಎರಡು ಪಾಳಿ ಇದ್ದರೆ ಗುಂಪಿನ ಎಲ್ಲರಿಗೂ ಒಂದೇ ಪಾಳಿ ಬಿದ್ದಿದೆಯಾ ಅಂತ ಮೊದಲ ದಿನವೇ ನೋಡಿ.

ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ ವಾಂತಿ ಭೇದಿಯ ನೋರೋವೈರಸ್‌ಗೆ ಸ್ಯಾನಿಟೈಜರ್ ಅಷ್ಟಾಗಿ ನಾಟುವುದಿಲ್ಲ.

ಎಂಥ ಬಟ್ಟೆ?

ನಮ್ಮ ಬಿಸಿಲಿಗೆ ಒಗ್ಗಿದವರಿಗೆ ಹಡಗಿನ ಎಸಿ ನಡುಕ ಹುಟ್ಟಿಸುತ್ತದೆ. ಒಂದು ಸ್ವೆಟರ್ ಅಥವಾ ಶಾಲು ಇರಲಿ. ಡೆಕ್ ಮೇಲೆ ಒದ್ದೆ ಇರುತ್ತದೆ, ಜಾರದ ಚಪ್ಪಲಿ ಬೇಕು.

ಬಚ್ಚಲು ಹೇಗಿರುತ್ತದೆ?

ಚಿಕ್ಕದು, ಆದರೆ ಬಿಸಿನೀರು ಚೆನ್ನಾಗಿ ಬರುತ್ತದೆ. ಹಡಗುಗಳಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಬಳಸುವ ಯಂತ್ರ ಇರುತ್ತದೆ. ಫ್ಲಶ್ ಗಾಳಿಯಿಂದ ಎಳೆಯುವಂಥದ್ದು, ದೊಡ್ಡ ಸದ್ದು ಮಾಡುತ್ತದೆ. ಅದರಲ್ಲಿ ಪ್ಯಾಡ್, ಪ್ಲಾಸ್ಟಿಕ್, ಒದ್ದೆ ಟಿಶ್ಯೂ ಹಾಕಿದರೆ ನಿಮ್ಮದಷ್ಟೇ ಅಲ್ಲ, ಅಕ್ಕಪಕ್ಕದ ರೂಮುಗಳದ್ದೂ ಕಟ್ಟಿಕೊಳ್ಳುತ್ತದೆ.

ಕುಡಿಯದವರಿಗೆ ಬೇಜಾರಾಗುತ್ತಾ?

ಇಲ್ಲ. ಬೆಳಗ್ಗೆ ಐದೂವರೆಗೆ ಡೆಕ್ ಮೇಲೆ ಹೋದರೆ ಇಡೀ ಹಡಗು ನಿಮ್ಮದೇ, ಕುಡಿದವರೆಲ್ಲ ಮಲಗಿರುತ್ತಾರೆ. ಅದೃಷ್ಟ ಇದ್ದರೆ ಹಾರುವ ಮೀನು, ಡಾಲ್ಫಿನ್ ಕಾಣಬಹುದು. ಕ್ಯಾಸಿನೊ ಒಳಗೆ ಸುಮ್ನೆ ನೋಡಲು ಹೋಗುವವರು ಕಾರ್ಡನ್ನು ಗೆಳೆಯನ ಕೈಗೆ ಕೊಟ್ಟು ಹೋಗುವುದು ಕ್ಷೇಮ. ಲಕ್ಷದ್ವೀಪದಲ್ಲಿ, ಬಂಗಾರಂ ಅನ್ನುವ ದ್ವೀಪ ಬಿಟ್ಟು, ಪಾನನಿಷೇಧ ಇದೆ. ಇಳಿಯುವಾಗ ಬಾಟಲಿ ಒಯ್ಯುವಂತಿಲ್ಲ.

ಗೋವಾದಲ್ಲಿ ಇಳಿಯಬೇಕಾ?

ಹಡಗು ನಿಲ್ಲುವುದು ಮುರ್ಗಾಂವ್ ಬಂದರಿನಲ್ಲಿ. ಅಲ್ಲಿಂದ ಪಣಜಿ ಸುಮಾರು 30 ಕಿ.ಮೀ., ಕಲಂಗುಟ್ ಇನ್ನೂ ದೂರ. ಸಿಗುವುದು ಕೆಲವೇ ಗಂಟೆ, ಅದರಲ್ಲಿ ಅರ್ಧ ಟ್ಯಾಕ್ಸಿಯಲ್ಲಿ. ಬಳ್ಳಾರಿ, ಕೊಪ್ಪಳದವರಿಗೆ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಗೋವಾ ಬೇಕಾದಾಗ ಸಿಗುತ್ತದೆ. ನಾನಾದರೆ ಇಳಿಯುವುದಿಲ್ಲ. ಎಲ್ಲರೂ ಇಳಿದು ಹೋದಾಗ ಈಜುಕೊಳ ಖಾಲಿ, ಲಿಫ್ಟ್ ಖಾಲಿ, ಬಫೆಯಲ್ಲಿ ಸಾಲಿಲ್ಲ. ಇಳಿಯುವವರು ವಾಪಸ್ ಬರಬೇಕಾದ ಸಮಯವನ್ನು ಬರೆದುಕೊಳ್ಳಿ, ಟ್ಯಾಕ್ಸಿಯವನಿಗೂ ಹೇಳಿ.

ಲಕ್ಷದ್ವೀಪದ ಮಾತು ಬೇರೆ, ಅಲ್ಲಿ ತಪ್ಪದೆ ಇಳಿಯಿರಿ. ಸುತ್ತ ಹವಳದ ದಿಬ್ಬ, ನೀರು ಆಳವಿಲ್ಲ. ಹಡಗು ದೂರ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಕಳಿಸುತ್ತಾರೆ. ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ. ಅದಕ್ಕೆ ಯಾರ ಮೇಲೆ ಸಿಟ್ಟು ಮಾಡಿಯೂ ಪ್ರಯೋಜನವಿಲ್ಲ.

ಗುಂಪಿನಲ್ಲಿ ಶುಗರ್, ಬಿಪಿ ಇರುವವರು ಇದ್ದಾರೆ. ಗರ್ಭಿಣಿಯರು ಬರಬಹುದಾ?

ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಫೀಸು ಬೇರೆ. ಗುಳಿಗೆ ಎರಡು ದಿನಕ್ಕೆ ಹೆಚ್ಚಾಗಿಯೇ ಒಯ್ಯಿರಿ, ಜೊತೆಗೆ ಡಾಕ್ಟರ್ ಚೀಟಿ. ಇನ್ಸುಲಿನ್ ಇಡಲು ಫ್ರಿಜ್ ಬೇಕು ಅಂತ ಮುಂಚೆಯೇ ತಿಳಿಸಿ. ಗರ್ಭಿಣಿಯರನ್ನು ಸಾಮಾನ್ಯವಾಗಿ 24 ವಾರ ದಾಟಿದ ಮೇಲೆ ಹತ್ತಿಸಿಕೊಳ್ಳುವುದಿಲ್ಲ.

ಎರಡು ರಾತ್ರಿ ಸಾಕಾ?

ರುಚಿ ನೋಡಲು ಸಾಕು. ಆದರೆ ಮೊದಲ ದಿನ ಸಾಲಿಗೆ, ಬ್ಯಾಗಿಗೆ, ಡ್ರಿಲ್‌ಗೆ ಹೋಗುತ್ತದೆ. ಹೊಟ್ಟೆ, ತಲೆ ಎರಡೂ ಒಗ್ಗುವ ಹೊತ್ತಿಗೆ ಎರಡನೇ ರಾತ್ರಿ ಬಂದಿರುತ್ತದೆ, ಆಗಲೇ "ಬ್ಯಾಗ್ ಬಾಗಿಲ ಹೊರಗೆ ಇಡಿ" ಅನ್ನುತ್ತಾರೆ. ಮುಂಬೈವರೆಗೆ ರೈಲಿನ ಖರ್ಚು ಎರಡು ರಾತ್ರಿಗೂ ಅಷ್ಟೇ, ನಾಲ್ಕು ರಾತ್ರಿಗೂ ಅಷ್ಟೇ. ರಜೆ ಸಿಕ್ಕರೆ ಮೂರಕ್ಕಿಂತ ಕಡಿಮೆ ಬೇಡ. ಕೊನೆಯ ರಾತ್ರಿ ಬ್ಯಾಗ್ ಹೊರಗಿಡುವ ಮುಂಚೆ ಮರುದಿನದ ಪ್ಯಾಂಟು, ಅಂಗಿ, ಆಧಾರ್ ಕಾರ್ಡ್ ಮಾತ್ರ ರೂಮಿನಲ್ಲೇ ಉಳಿಸಿಕೊಳ್ಳಿ.